ಅಲಮಾರಿಯ ಕೀಲಿ ತೆಗೆಯೋಣ: ಪ್ರಾಥಮಿಕ ಶಾಲೆಯ ಗ್ರಂಥಾಲಯ ನಡೆಸಲು ಒಂದು ಸಮಗ್ರ ಮಾರ್ಗದರ್ಶಿ

ನಮ್ಮದು ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯ ಒಂದು ಸಣ್ಣ ಸರ್ಕಾರಿ ಶಾಲೆ. ಒಂದರಿಂದ ಐದನೇ ತರಗತಿವರೆಗೆ ಇದೆ. ನಾನು ವರ್ಗವಾಗಿ ಬಂದ ಹೊಸದರಲ್ಲಿ "ಗ್ರಂಥಾಲಯ ಎಲ್ಲಿದೆ?" ಅಂತ ಕೇಳಿದೆ. ಆಫೀಸು ಕೋಣೆಯ ಮೂಲೆಯಲ್ಲಿದ್ದ ಕಬ್ಬಿಣದ ಅಲಮಾರಿ ತೋರಿಸಿದರು. ಕೀಲಿಕೈ ಸಿಗಲು ಎರಡು ದಿನ ಹಿಡಿಯಿತು. ಬಾಗಿಲು ತೆಗೆದರೆ ಮೊದಲು ಕಂಡದ್ದು ಕ್ರಿಕೆಟ್ ಬ್ಯಾಟು, ಆಮೇಲೆ ಹರಿದ ನಕ್ಷೆ, ಹಳೇ ಹಾಜರಿ ಪುಸ್ತಕ. ಅವುಗಳ ಹಿಂದೆ ಕಥೆ ಪುಸ್ತಕಗಳ ಕಟ್ಟುಗಳಿದ್ದವು. ಕಟ್ಟಿದ ದಾರ ಕೂಡ ಬಿಚ್ಚಿರಲಿಲ್ಲ.

ಇದು ಯಾರೋ ಒಬ್ಬರ ತಪ್ಪು ಅಂತ ನಾನು ಹೇಳುವುದಿಲ್ಲ. ಪುಸ್ತಕ ಕಳೆದರೆ ಕೇಳುವವರು ಇದ್ದಾರೆ, ಓದದೆ ಉಳಿದರೆ ಕೇಳುವವರು ಇಲ್ಲ. ಸ್ಟಾಕ್ ರಿಜಿಸ್ಟರ್ ನಮ್ಮ ಹೆಸರಲ್ಲಿ ಇರುವಾಗ ಕೀಲಿ ಹಾಕಿಡುವುದೇ ಜಾಣತನ ಅನ್ನಿಸಿಬಿಡುತ್ತದೆ. ಗ್ರಂಥಾಲಯ ಶಾಸ್ತ್ರದ ದೊಡ್ಡ ವಿದ್ವಾಂಸ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಅದರಲ್ಲಿ ಮೊದಲನೆಯದೇ 'ಪುಸ್ತಕ ಇರುವುದು ಬಳಸಲಿಕ್ಕೆ' ಅಂತ. ಅಷ್ಟು ಸರಳ ಮಾತನ್ನು ಸೂತ್ರ ಮಾಡಿ ಬರೆಯಬೇಕಾಯಿತು ಅಂದರೆ ಕೀಲಿಯ ರೋಗ ಹಳೆಯದೇ ಇರಬೇಕು, ಅಲ್ವಾ?

ಮಕ್ಕಳ ಚಟುವಟಿಕೆಗಳು ಹುಡುಕಿದರೆ ನೂರು ಸಿಗುತ್ತವೆ. ಕೆಲವು ಪುಸ್ತಕ ಕಳೆದರೂ ಪರವಾಗಿಲ್ಲ ಅನ್ನುವ ಮೇಷ್ಟ್ರು ಸಿಗುವುದು ಕಷ್ಟ. ಅದಕ್ಕೇ ಕೆಲಸವನ್ನು ಅಲ್ಲಿಂದಲೇ ಶುರು ಮಾಡೋಣ.

ಹಂತ 1: ಕಳೆಯುವ ಹೆದರಿಕೆಗೆ ಮೊದಲೇ ಮದ್ದು

ಜೂನ್‌ನಲ್ಲಿ ನಡೆಯುವ ಮೊದಲ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೇ ಈ ವಿಷಯ ಇಡಿ. ನಾನು ಹೇಳಿದ್ದು ಇಷ್ಟು: "ಪುಸ್ತಕ ಮಕ್ಕಳ ಕೈಗೆ ಕೊಡ್ತೀನಿ. ಕೆಲವು ಹರೀತಾವು, ಕೆಲವು ಕಳೀತಾವು. ಸೀಮೆಸುಣ್ಣ ಖರ್ಚಾದ ಹಾಗೆ ಅಂತ ತಿಳ್ಕೊಳ್ರಿ." ಒಬ್ಬ ಸದಸ್ಯರು, ಕುರಿ ಸಾಕುವವರು, "ಹಿಂಡು ಅಂದ್ಮ್ಯಾಲ ಒಂದೆರಡು ಹೋಗೂವ ರೀ ಸರ್ರ" ಅಂದರು. ಅಲ್ಲಿಗೆ ಮುಗಿಯಿತು. ಹರಿದ ಮತ್ತು ಕಳೆದ ಪುಸ್ತಕಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಸಭೆಯ ಮುಂದಿಟ್ಟು ನಡಾವಳಿಯಲ್ಲಿ ಬರೆಸಿಕೊಳ್ಳುವುದು ಅಂತ ತೀರ್ಮಾನ ಆಯಿತು. ಅದನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಯಿ ಮಾತು ವರ್ಗಾವಣೆ ಆದಾಗ ನಿಮ್ಮ ಜೊತೆಗೆ ಬರುವುದಿಲ್ಲ.

ದಂಡ ಬೇಡ. ಪುಸ್ತಕ ಕಳೆದ ಮಗುವಿನಿಂದ ದುಡ್ಡು ಕೇಳಿದರೆ ಆ ಮಗು ಮತ್ತೆ ಪುಸ್ತಕ ಮುಟ್ಟುವುದಿಲ್ಲ. ಅದರ ತಮ್ಮ ತಂಗಿಯರೂ ಮುಟ್ಟುವುದಿಲ್ಲ.

ಹಂತ 2: ಎಲ್ಲವನ್ನೂ ನೆಲಕ್ಕೆ ಸುರಿಯಿರಿ

ಒಂದು ಶನಿವಾರ ಬೆಳಗ್ಗೆ ಶಾಲೆ ಬಿಟ್ಟ ಮೇಲೆ ಅಲಮಾರಿ ಖಾಲಿ ಮಾಡಿ. ಜಮಖಾನೆ ಹಾಸಿ ಪುಸ್ತಕಗಳನ್ನೆಲ್ಲ ಹರಡಿ. ನಾಲ್ಕು, ಐದನೇ ತರಗತಿಯ ನಾಲ್ಕಾರು ಮಕ್ಕಳನ್ನು ಕೂರಿಸಿಕೊಳ್ಳಿ. ಮೂರು ಗುಂಪು ಮಾಡಿ: ನಮ್ಮ ಮಕ್ಕಳು ಈಗಲೇ ಓದಬಲ್ಲವು, ನಾವು ಓದಿ ಹೇಳಿದರೆ ಕೇಳಬಲ್ಲವು, ಎರಡೂ ಆಗದವು.

ಮೂರನೇ ಗುಂಪೇ ದೊಡ್ಡದಾಗುತ್ತದೆ. ಗಾಬರಿ ಬೇಡ. ಸಣ್ಣ ಅಕ್ಷರದ, ಚಿತ್ರವಿಲ್ಲದ, ಮಹಾಪುರುಷರ ಜೀವನ ಚರಿತ್ರೆಗಳು ಎಲ್ಲ ಶಾಲೆಯಲ್ಲೂ ಇರುತ್ತವೆ. ಅವು ಕೆಟ್ಟ ಪುಸ್ತಕ ಅಲ್ಲ, ಆದರೆ ಎಂಟು ವರ್ಷದ ಮಗುವಿಗೆ ಬರೆದವಲ್ಲ. ಅವನ್ನು ಹತ್ತಿರದ ಪ್ರೌಢಶಾಲೆಗೆ ಪತ್ರ ಬರೆದು ಕೊಡಬಹುದು, ಇಲ್ಲವೇ ಅಲಮಾರಿಯಲ್ಲೇ ಇಡಬಹುದು. ಕೀಲಿ ಬೇಕಿದ್ದರೆ ಆ ಗುಂಪಿಗೆ ಹಾಕಿ.

ಈ ಕೆಲಸಕ್ಕೆ ಮಕ್ಕಳನ್ನು ಕರೆದದ್ದು ಬರೀ ಕೈಗೆ ಕೈ ಸೇರಲಿ ಅಂತಲ್ಲ. ಯಾವ ಪುಸ್ತಕ ಕೈಗೆ ಸಿಕ್ಕಾಗ ಅವರು ಕೆಲಸ ಮರೆತು ಕೂರುತ್ತಾರೆ ಅಂತ ನೋಡಿ. ನಮ್ಮಲ್ಲಿ ಹಾವುಗಳ ಬಗ್ಗೆ ಇದ್ದ ಒಂದು ತೆಳ್ಳನೆ ಪುಸ್ತಕ ಅರ್ಧ ಗಂಟೆ ನಮ್ಮ ಕೆಲಸವನ್ನೇ ನಿಲ್ಲಿಸಿತು.

ಹಂತ 3: ಕೋಣೆ ಇಲ್ಲದಿದ್ದರೆ ಪಡಸಾಲೆ

ಪ್ರತ್ಯೇಕ ಕೋಣೆ ಸಿಗುವವರೆಗೆ ಕಾಯಬೇಡಿ. ತರಗತಿಯ ಒಂದು ಮೂಲೆ ಸಾಕು, ಪಡಸಾಲೆಯ ಗೋಡೆಯೂ ಆಗುತ್ತದೆ. ನಿಯಮ ಎರಡೇ. ಪುಸ್ತಕ ಮಗುವಿನ ಕೈಗೆ ಎಟುಕಬೇಕು, ಅಂದರೆ ನೆಲದಿಂದ ಮೂರು ಅಡಿ ಒಳಗೆ. ಮತ್ತು ಮುಖಪುಟ ಕಾಣಬೇಕು. ಪುಸ್ತಕದ ಬೆನ್ನು ನೋಡಿ ಆರಿಸುವುದು ದೊಡ್ಡವರ ಅಭ್ಯಾಸ. ಮಗು ಚಿತ್ರ ನೋಡಿ ಕೈ ಹಾಕುತ್ತದೆ.

ನಾವು ಮಾಡಿದ್ದು ಹೀಗೆ. ಎರಡು ಮೊಳೆ, ಒಂದು ನೈಲಾನ್ ಹಗ್ಗ, ಬಟ್ಟೆ ಒಣಹಾಕುವ ಕ್ಲಿಪ್ಪು. ಪುಸ್ತಕವನ್ನು ನಡುವೆ ತೆರೆದು ಹಗ್ಗದ ಮೇಲೆ ನೇತು ಹಾಕಿದರೆ ಮುಖಪುಟ ಎದುರಿಗೆ ಬರುತ್ತದೆ. ಆದರೆ ನಮ್ಮ ಕಡೆ ಗಾಳಿ ಜೋರು. ಆಷಾಢದಲ್ಲಿ ಪುಸ್ತಕಗಳು ಗಾಳಿಪಟ ಆದವು. ಆಮೇಲೆ ಊರಿನ ಟೇಲರ್ ಹತ್ತಿರ ಹಳೇ ಸೀರೆಯ ಮೇಲೆ ಸಾಲಾಗಿ ಜೇಬು ಹೊಲಿಸಿದೆವು. ಒಂದು ಸೀರೆಯಲ್ಲಿ ಇಪ್ಪತ್ತರ ಮೇಲೆ ಜೇಬು ಕೂರುತ್ತವೆ. ಮೇಲಿನ ಅಂಚಿಗೆ ಬಿದಿರಿನ ಕೋಲು ತೂರಿಸಿ ಗೋಡೆಗೆ ಕಟ್ಟಿದರೆ ಆಯಿತು. ಸಂಜೆ ಸುತ್ತಿ ಒಳಗಿಡಬಹುದು. ಕೂರಲು ಕೌದಿ ಹಾಸಿ. ಕೇಳಿದರೆ ಪ್ರತಿ ಓಣಿಯಲ್ಲೂ ಒಂದು ಹಳೇ ಕೌದಿ ಕೊಡುವ ಅವ್ವ ಇರುತ್ತಾರೆ.

ಹಂತ 4: ಬಣ್ಣದ ಚುಕ್ಕಿ

ಪುಸ್ತಕಗಳನ್ನು ಓದಿನ ಕಷ್ಟಕ್ಕೆ ತಕ್ಕಂತೆ ನಾಲ್ಕು ಬಣ್ಣ ಮಾಡಿ. ಪ್ರಥಮ್ ಬುಕ್ಸ್‌ನವರು ತಾವು ಹೊರತರುವ ಮಕ್ಕಳ ಪುಸ್ತಕಗಳನ್ನು ನಾಲ್ಕು ಹಂತ ಮಾಡಿದ್ದಾರೆ: ಮೊದಲನೆಯದು 250 ಪದದವರೆಗೆ, ಎರಡನೆಯದು 600, ಮೂರನೆಯದು 1,500, ಅದಕ್ಕೂ ಜಾಸ್ತಿ ಇದ್ದರೆ ನಾಲ್ಕು. ಅದೇ ಅಳತೆ ಇಟ್ಟುಕೊಳ್ಳಬಹುದು. ಆದರೆ ಕನ್ನಡಕ್ಕೆ ಇನ್ನೊಂದು ಜರಡಿ ಬೇಕು: ಒತ್ತಕ್ಷರ. 'ಅಜ್ಜ', 'ಹಕ್ಕಿ' ಓದುವ ಮಗು 'ಆಶ್ಚರ್ಯ', 'ಸ್ವಾತಂತ್ರ್ಯ' ಬಂದಾಗ ನಿಂತುಬಿಡುತ್ತದೆ. ಹಾಗಾಗಿ ಮೊದಲ ಬಣ್ಣಕ್ಕೆ, ಅಂದರೆ ಹಸಿರಿಗೆ, ಒತ್ತು ಬಹಳ ಕಮ್ಮಿ ಇರುವ ಪುಸ್ತಕ, ಎರಡನೆಯದಕ್ಕೆ ಸಜಾತಿ ಒತ್ತಿರುವವು, ಮೂರನೆಯದಕ್ಕೆ ವಿಜಾತಿ ಒತ್ತೂ ಬರುವವು ಅಂತ ನಾನು ವಿಂಗಡಿಸಿದೆ. ಪೇಟೆಯಲ್ಲಿ ಸಿಗುವ ಬಣ್ಣದ ಚುಕ್ಕಿ ಸ್ಟಿಕ್ಕರ್ ಅಂಟಿಸಿ, ಮೇಲೆ ಪಾರದರ್ಶಕ ಟೇಪು ಹಾಕಿ. ಇಲ್ಲದಿದ್ದರೆ ಮಕ್ಕಳು ಕಿತ್ತು ಹಣೆಗೆ ಹಚ್ಚಿಕೊಳ್ಳುತ್ತಾರೆ.

ಆರಿಸುವುದನ್ನು ಮಗುವಿಗೇ ಬಿಡಿ. ಐದು ಬೆರಳಿನ ಪರೀಕ್ಷೆ ಕಲಿಸಿ. ನಡುವಿನ ಯಾವುದಾದರೂ ಪುಟ ತೆಗೆದು ಓದಬೇಕು, ತೊಡಕಾದ ಪ್ರತಿ ಪದಕ್ಕೆ ಒಂದು ಬೆರಳು ಮಡಚಬೇಕು. ಐದೂ ಮಡಚಿದರೆ ಪುಸ್ತಕ ಇನ್ನೂ ಕಷ್ಟ. ಕನ್ನಡದಲ್ಲಿ ಒಂದು ಮೋಸ ಇದೆ. ಅಕ್ಷರ ಬಂದ ಮಗು ಅರ್ಥ ಗೊತ್ತಿಲ್ಲದಿದ್ದರೂ ಪದವನ್ನು ಪಟಪಟ ಓದಿಬಿಡುತ್ತದೆ. ಹಾಗಾಗಿ "ಓದಲು ಬರದಿದ್ದರೂ ಬೆರಳು ಮಡಚು, ಏನು ಅಂತ ತಿಳಿಯದಿದ್ದರೂ ಮಡಚು" ಅಂತ ಹೇಳಿ.

ಬಣ್ಣವನ್ನು ದರ್ಜೆ ಮಾಡಬೇಡಿ. "ಅವನಿನ್ನೂ ಹಸಿರು" ಅಂತ ಒಂದು ಸಲ ನಿಮ್ಮ ಬಾಯಿಂದ ಬಂದರೆ ಸಾಕು, ಮರುದಿನ ಆಟದ ಬಯಲಲ್ಲಿ ಅದು ಬೈಗುಳ ಆಗಿರುತ್ತದೆ.

ಹಂತ 5: ಲೆಕ್ಕ ಮಕ್ಕಳ ಕೈಗೆ

ಪುಸ್ತಕಕ್ಕೊಂದು ಪುಟ ಅಲ್ಲ, ಮಗುವಿಗೊಂದು ಪುಟ ಇಡಿ. 200 ಪುಟದ ಒಂದು ನೋಟ್‌ಬುಕ್ಕು ಸಾಕು. ಪುಟದ ಮೇಲೆ ಹೆಸರು, ಕೆಳಗೆ ನಾಲ್ಕು ಕಾಲಂ: ಪುಸ್ತಕದ ನಂಬರು, ಒಯ್ದ ದಿನ, ತಂದ ದಿನ, ಮತ್ತು ಒಂದು ಮುಖದ ಚಿತ್ರ. ನಗುವ ಮುಖ, ಸುಮ್ನೆ ಇರುವ ಮುಖ, ಸೊಟ್ಟ ಮುಖ. ಒಂದನೇ ತರಗತಿಯ ಮಗುವೂ ಅಭಿಪ್ರಾಯ ಬರೆದಂತಾಯಿತು. ಯಾವ ಮಗು ಒಂದೇ ಪುಸ್ತಕ ನಾಲ್ಕು ಸಲ ಒಯ್ದಿದೆ, ಯಾವ ಮಗು ಎರಡು ತಿಂಗಳಿಂದ ಏನೂ ಒಯ್ದಿಲ್ಲ ಅನ್ನುವುದು ಪುಟ ತಿರುವಿದರೆ ಕಾಣುತ್ತದೆ. ಒಂದೇ ಪುಸ್ತಕ ಮತ್ತೆ ಮತ್ತೆ ಒಯ್ಯುವ ಮಗುವನ್ನು ತಡೆಯಬೇಡಿ. ಅದು ಗಟ್ಟಿ ಓದುಗ ಆಗುವ ಲಕ್ಷಣ.

ಬರೆದುಕೊಳ್ಳುವವರು ನಾಲ್ಕು, ಐದನೇ ತರಗತಿಯವರು. ವಾರಕ್ಕೆ ಇಬ್ಬರ ಪಾಳಿ. ಓದಿನಲ್ಲಿ ಹಿಂದಿರುವ ಮಗುವನ್ನೂ ಪಾಳಿಗೆ ಹಾಕಿ. ನಮ್ಮಲ್ಲಿ ಸದಾ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗ ಪುಸ್ತಕದ ನಂಬರು ಹುಡುಕುತ್ತ ಹುಡುಕುತ್ತ ಹೆಸರು ಓದಲು ಕಲಿತ. ನಾನು ಕಲಿಸಿದ್ದಲ್ಲ.

ಹಂತ 6: ವಾರದ ಪಿರಿಯಡ್ಡು

ವಾರಕ್ಕೆ ಒಂದಾದರೂ 40 ನಿಮಿಷ ವೇಳಾಪಟ್ಟಿಯಲ್ಲಿ ಬರೆದಿರಬೇಕು. ಬರೆಯದಿದ್ದರೆ ಗಣಿತ ಅದನ್ನು ನುಂಗುತ್ತದೆ. ನಮ್ಮ ಹಂಚಿಕೆ ಹೀಗಿದೆ: ಮೊದಲ ಹತ್ತು ಹನ್ನೆರಡು ನಿಮಿಷ ನಾನು ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಹದಿನೈದು ನಿಮಿಷ ಎಲ್ಲರೂ ತಮ್ಮ ತಮ್ಮ ಪುಸ್ತಕ ಓದುತ್ತಾರೆ, ನಾನೂ ನನ್ನದು ಓದುತ್ತೇನೆ. ಉಳಿದದ್ದರಲ್ಲಿ ಒಂದು ಚಟುವಟಿಕೆ, ಪುಸ್ತಕ ಬದಲಾವಣೆ. ಆ ಹದಿನೈದು ನಿಮಿಷದಲ್ಲಿ ಮಾಹಿತಿ ತುಂಬುವುದು, ಫೋನ್ ನೋಡುವುದು ಮಾಡಬೇಡಿ. ಮೇಷ್ಟ್ರು ಓದುವುದನ್ನು ನೋಡದ ಮಕ್ಕಳಿಗೆ ಓದು ಅಂದರೆ ಬರೀ ಹೇಳಿ ಮಾಡಿಸುವ ಕೆಲಸ.

ಒಂದರಿಂದ ಮೂರನೇ ತರಗತಿ ನಲಿಕಲಿ ಪದ್ಧತಿಯಲ್ಲಿ ಒಟ್ಟಿಗೆ ಕೂರುವ ಶಾಲೆಯಲ್ಲಿ ಜೋಡಿ ಓದು ಚೆನ್ನಾಗಿ ನಡೆಯುತ್ತದೆ. ಐದನೆಯವರು ಒಂದನೆಯವರ ಪಕ್ಕ ಕೂತು ಓದಿ ಹೇಳುತ್ತಾರೆ. ಹಸಿರು ಚುಕ್ಕಿಯ ಪುಸ್ತಕ ಓದಲು ನಾಚುವ ಐದನೇ ತರಗತಿಯ ಮಗುವಿಗೆ ಇದು ಒಳ್ಳೆ ನೆಪ. "ತಮ್ಮನಿಗೆ ಓದಿ ಹೇಳಬೇಕು" ಅಂತ ಅದೇ ಪುಸ್ತಕವನ್ನು ಮನೆಯಲ್ಲಿ ಮೂರು ಸಲ ಓದಿಕೊಂಡು ಬರುತ್ತದೆ.

ಹಂತ 7: ಗಟ್ಟಿಯಾಗಿ ಓದುವುದು

ಬೇರೆ ಏನೂ ಮಾಡಲು ಆಗದಿದ್ದರೂ ಇದೊಂದನ್ನು ಬಿಡಬೇಡಿ. ಖರ್ಚಿಲ್ಲ. ಒಂದೇ ಪುಸ್ತಕ ಇದ್ದರೂ ಸಾಕು.

ಹಿಂದಿನ ದಿನ ಪುಸ್ತಕವನ್ನು ಎರಡು ಸಲ ಓದಿಕೊಳ್ಳಿ. ನಿಲ್ಲಿಸಬೇಕಾದ ಎರಡು ಮೂರು ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಓದುವಾಗ ಪುಸ್ತಕವನ್ನು ಎದೆಯ ಪಕ್ಕಕ್ಕೆ, ಮಕ್ಕಳ ಕಡೆಗೆ ತಿರುಗಿಸಿ ಹಿಡಿಯಿರಿ. ಓರೆಗಣ್ಣಲ್ಲಿ ಓದುವುದು ಎರಡು ದಿನದಲ್ಲಿ ರೂಢಿ ಆಗುತ್ತದೆ. ಮೊದಲು ಮುಖಪುಟ ತೋರಿಸಿ, "ಏನ್ ಕಾಣ್ತದ?" ಅಂತ ಕೇಳಿ. ಸಣ್ಣ ಮಕ್ಕಳಿಗಾದರೆ ಓದುವ ಸಾಲಿನ ಕೆಳಗೆ ಬೆರಳು ಓಡಿಸಿ.

ಒಂದು ದಿನ ಜಾತ್ರೆಯಲ್ಲಿ ಆಡಿನ ಮರಿ ತಪ್ಪಿಸಿಕೊಳ್ಳುವ ಕಥೆ ಓದುತ್ತಿದ್ದೆ. ಮರಿ ಕಾಣೆಯಾದ ಪುಟದಲ್ಲಿ ನಿಲ್ಲಿಸಿ, "ಮುಂದ ಏನಾಗ್ತದ?" ಅಂದೆ. ಎರಡನೇ ತರಗತಿಯ ಹುಡುಗಿ ಕೈ ಎತ್ತಿದಳು.

"ಸರ್ರ, ಕೊಳ್ಳಾಗ ಗಂಟಿ ಕಟ್ಟಿದ್ರ ಸಿಗ್ತಿತ್ತು ಅಲ್ರೀ?"

ಹಿಂದಿನಿಂದ ಒಬ್ಬ ಎದ್ದ. "ಜಾತ್ರ್ಯಾಗ ಗಂಟಿ ಸಪ್ಪಳ ಎಲ್ಲಿ ಕೇಳ್ತದಲೇ? ನಮ್ಮಪ್ಪ ಮರಿ ಕಿವಿ ಕೊಯ್ದು ಗುರ್ತು ಮಾಡ್ತಾನ್ರೀ. ಯಾರ ಹಿಂಡಿಗೆ ಹೋದ್ರೂ ಹಿಡಿತೀವಿ."

ಆಮೇಲೆ ಕಿವಿಯ ಗುರುತು ಎಷ್ಟು ತರ, ಯಾರ ಮನೆಯದು ಯಾವುದು ಅಂತ ಕಾಲು ಗಂಟೆ ಚರ್ಚೆ. ಬೋರ್ಡಿನ ಮೇಲೆ ಕಿವಿಗಳ ಚಿತ್ರ ಬಂತು. ಕಥೆ ಮುಗಿದದ್ದು ಮರುದಿನ. ನಾನು ಕೊನೆಗೆ 'ಈ ಕಥೆಯ ನೀತಿ ಏನು' ಅಂತ ಕೇಳಬೇಕು ಅಂದುಕೊಂಡಿದ್ದೆ. ಕೇಳಲಿಲ್ಲ, ಅವತ್ತಿನಿಂದ ಯಾವತ್ತೂ ಕೇಳಿಲ್ಲ. ನೀತಿ ಕೇಳುವ ಮೇಷ್ಟ್ರ ಮುಂದೆ ಮಕ್ಕಳು ಕಥೆ ಕೇಳುವುದು ಬಿಟ್ಟು ಉತ್ತರ ಹುಡುಕುತ್ತಾರೆ.

ಭಾಷೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪುಸ್ತಕದ ಕನ್ನಡ ನಮ್ಮ ಮಕ್ಕಳ ಮನೆಮಾತಲ್ಲ. ಪುಸ್ತಕದಲ್ಲಿ 'ಅಳುತ್ತಿದ್ದಾನೆ' ಇದ್ದರೆ ಮನೆಯಲ್ಲಿ 'ಅಳಾಕತ್ತಾನ'. ಲಂಬಾಣಿ ತಾಂಡಾದ ಮಗುವಿಗೆ ಅದೂ ಅಲ್ಲ. ಅವ್ವ ಅಲ್ಲಿ 'ಯಾಡಿ', ನೀರು 'ಪಾಣಿ'. ಸಿಂಧನೂರು, ಗಂಗಾವತಿ ಕಡೆ ವಲಸೆ ಬಂದವರ ಕ್ಯಾಂಪುಗಳಲ್ಲಿ ತೆಲುಗು, ರಾಯಚೂರಿನ ಎಷ್ಟೋ ಓಣಿಗಳಲ್ಲಿ ಉರ್ದು. ಹಾಗಾಗಿ ಮೊದಲು ಚಿತ್ರ ತೋರಿಸುತ್ತ ಮಕ್ಕಳ ಮಾತಲ್ಲೇ ಕಥೆ ಹೇಳಿ, ಆಮೇಲೆ ಪುಸ್ತಕದಲ್ಲಿರುವಂತೆ ಓದಿ. ಮಧ್ಯೆ "ತಾಂಡಾದಾಗ ಇದಕ್ಕೇನಂತಾರ?" ಅಂತ ಕೇಳಿ. ಅವತ್ತು ಆ ಮಗು ತರಗತಿಗೆ ಮೇಷ್ಟ್ರು.

ಹಂತ 8: ಚಟುವಟಿಕೆಗಳು

ಎಲ್ಲವನ್ನೂ ಪಟ್ಟಿ ಮಾಡುವುದಿಲ್ಲ. ನಮ್ಮಲ್ಲಿ ನಿಂತವನ್ನಷ್ಟೇ ಹೇಳುತ್ತೇನೆ.

ಒಂದು, ಎರಡನೇ ತರಗತಿಗೆ ಅಕ್ಷರ ಬೇಟೆ. ಒಂದು ಅಕ್ಷರ ಹೇಳಿ, ಪುಸ್ತಕದಲ್ಲಿ ಅದು ಎಲ್ಲೆಲ್ಲಿದೆ ಅಂತ ಹುಡುಕಿಸಿ. ಸಿಕ್ಕಲ್ಲೆಲ್ಲ ಜೋಳದ ಕಾಳು ಇಡಬೇಕು. ಅಕ್ಷರ ಬಾರದವರಿಗೆ ಪದಗಳಿಲ್ಲದ ಚಿತ್ರ ಪುಸ್ತಕ ಕೊಟ್ಟು ಕಥೆ ಹೇಳಿಸಿ. ಒಂದೇ ಪುಸ್ತಕಕ್ಕೆ ನಾಲ್ಕು ಮಕ್ಕಳು ನಾಲ್ಕು ಕಥೆ ಹೇಳುತ್ತಾರೆ.

ಮೂರನೆಯವರಿಗೆ ವಾಕ್ಯ ಚೀಟಿ. ಓದಿದ ಕಥೆಯ ಎಂಟು ವಾಕ್ಯ ಬರೆದು, ಕತ್ತರಿಸಿ, ಕಲೆಸಿ ಕೊಡಿ. ಗುಂಪು ಕೂತು ಸರಿಯಾದ ಸಾಲಿಗೆ ಜೋಡಿಸಲಿ. ಒಡಪಿನ ಆಟವೂ ಆಗುತ್ತದೆ: "ನಾನು ಕೆಂಪು ಚುಕ್ಕಿ, ನನ್ನೊಳಗೊಂದು ಕಳ್ಳ ಬೆಕ್ಕು, ನಾನ್ಯಾರು?" ಉತ್ತರ ಸೀರೆ ಜೇಬಿನಲ್ಲಿರುವ ಒಂದು ಪುಸ್ತಕ. ಹುಡುಕಿ ತಂದವರು ಮುಂದಿನ ಒಡಪು ಕಟ್ಟಬೇಕು.

ನಾಲ್ಕು, ಐದನೆಯವರಿಗೆ ಪಾತ್ರದ ಕುರ್ಚಿ. ಒಬ್ಬರು ಕಥೆಯ ಪಾತ್ರವಾಗಿ ಕುರ್ಚಿಯಲ್ಲಿ ಕೂರುತ್ತಾರೆ, ಉಳಿದವರು ಪ್ರಶ್ನೆ ಕೇಳುತ್ತಾರೆ. "ನೀ ಯಾಕ ಕದ್ದಿ?" ಅಂತ ನರಿಯನ್ನು ಕೇಳಿದಾಗ ನರಿ "ನಮ್ಮವ್ವಗ ಆರಾಮಿರ್ಲಿಲ್ಲ" ಅಂದಿತು. ಅದು ಪುಸ್ತಕದಲ್ಲಿ ಇಲ್ಲ. ಇರಬೇಕಿತ್ತು. ನಾಚುವ ಮಗುವಿನ ಕೈಗೆ ಒಂದು ಗೊಂಬೆ ಕೊಡಿ, ಮಾತು ಗೊಂಬೆಯದಾಗುತ್ತದೆ. ನಮ್ಮ ಜಿಲ್ಲೆಯ ಕಿನ್ನಾಳದ ಗೊಂಬೆ ಸಿಕ್ಕರೆ ಚೆಂದ. ಕಾಲುಚೀಲದ ಗೊಂಬೆಯೂ ನಡೆಯುತ್ತದೆ.

ನನಗೆ ತುಂಬ ಇಷ್ಟವಾದದ್ದು 'ನಮ್ಮ ಶಾಸನ'. ಕೊಪ್ಪಳದ ಗವಿಮಠದ ಹತ್ತಿರದ ಬಂಡೆಯ ಮೇಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ 'ದೇವಾನಾಂಪ್ರಿಯ' ಅನ್ನುವ ಬಿರುದಿನ ಜೊತೆಗೆ ಅಶೋಕ ಅನ್ನುವ ಹೆಸರೂ ಇದೆ. ಬಂಡೆಗಳ ಮೇಲಿನ ದೇವಾನಾಂಪ್ರಿಯ ಅಶೋಕನೇ ಅನ್ನುವುದಕ್ಕೆ ಶಾಸನದಲ್ಲೇ ಪುರಾವೆ ಸಿಕ್ಕಿದ್ದು ಹಾಗೆ. ಬಳ್ಳಾರಿ ಜಿಲ್ಲೆಯವರಾದರೆ ನಿಮಗೆ ನಿಟ್ಟೂರು, ಉಡೇಗೋಳ ಇವೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ರಾಜ ನಮ್ಮೂರ ಕಲ್ಲಿನ ಮೇಲೆ ಬರೆಸಿದ, ನಾವು ಇವತ್ತಿಗೂ ಓದುತ್ತಿದ್ದೇವೆ ಅನ್ನುವ ಕಥೆ ಮಕ್ಕಳಿಗೆ ಹೇಳಿ. ಬ್ರಾಹ್ಮಿ ಅಕ್ಷರದ ಚಿತ್ರ ತೋರಿಸಿ. ಅದೇ ಬದಲಾಗುತ್ತ ಬದಲಾಗುತ್ತ ನಮ್ಮ ಕನ್ನಡ ಅಕ್ಷರ ಆಯಿತು ಅಂದರೆ ಕಣ್ಣರಳಿಸಿ ನೋಡುತ್ತಾರೆ.

ಆಮೇಲೆ ಒಂದು ಪ್ರಶ್ನೆ: "ನಿನಗೆ ಒಂದೇ ಒಂದು ಕಲ್ಲು ಕೊಟ್ರ, ಇಡೀ ಊರಿಗೆ ಏನ್ ಬರೀತಿ?" ಶಾಲೆಯ ಸುತ್ತ ಕಲ್ಲಿಗೇನು ಬರ? ಸೀಮೆಸುಣ್ಣ ಕೊಟ್ಟು ಬಯಲಿಗೆ ಬಿಟ್ಟೆ. "ಬಸ್ ಸ್ಟ್ಯಾಂಡಿನಾಗ ಉಗುಳಬ್ಯಾಡ್ರಿ" ಅಂತ ಒಬ್ಬ. "ಟ್ಯಾಂಕಿ ನಳ ಬಂದ್ ಮಾಡ್ರಿ" ಅಂತ ಒಬ್ಬಳು. "ನಮ್ಮ ನಾಯಿಗಿ ಯಾರೂ ಕಲ್ಲು ಒಗಿಬಾರ್ದು. ಅರಸನ ಆಜ್ಞೆ" ಅಂತ ಇನ್ನೊಬ್ಬ; ಕೆಳಗೆ ನಾಯಿಯ ಹೆಸರು. ಬರೆಯಲು ಸತಾಯಿಸುತ್ತಿದ್ದ ಮಕ್ಕಳು ಅವತ್ತು ಕಲ್ಲು ಸಾಲದೆ ಜಗಳ ಆಡಿದರು. ಮಳೆ ಬಂದು ಅಳಿಸುವ ಮುಂಚೆ ನೋಟ್‌ಬುಕ್ಕಿಗೆ ಇಳಿಸಿಕೊಂಡು ಹೊಲಿದು ಪುಸ್ತಕ ಮಾಡಿದೆವು. ಅದಕ್ಕೂ ನಂಬರು ಕೊಟ್ಟು ಜೇಬಿಗೆ ಹಾಕಿದೆವು. ಹೀಗೆ ಮಕ್ಕಳೇ ಬರೆದ ಪುಸ್ತಕಗಳೇ ಜಾಸ್ತಿ ಮನೆಗೆ ಹೋಗುತ್ತವೆ. ಅಜ್ಜಿ ಹೇಳಿದ ಕಥೆ, ಊರಿನ ಬೈಗುಳವಲ್ಲದ ಅಡ್ಡಹೆಸರುಗಳು, ರೊಟ್ಟಿ ಬಡಿಯುವುದು ಹೇಗೆ, ಎಳ್ಳಮಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದು: ಇವೆಲ್ಲ ಎಂಟೆಂಟು ಪುಟದ ಪುಸ್ತಕ ಆಗುತ್ತವೆ.

ಹಂತ 9: ಪುಸ್ತಕ ಮನೆಗೆ ಹೋದ ಮೇಲೆ

ಮನೆಯಲ್ಲಿ ಓದು ಬಾರದ ಅವ್ವ ಅಪ್ಪ ಇದ್ದರೂ ಕೇಳಲು ಕಿವಿ ಇದೆ. "ಅವ್ವಗ ಓದಿ ಹೇಳು" ಅನ್ನುವುದೇ ಮನೆಗೆಲಸ. ಮೊದಲ ವರ್ಷ ನಾನೊಂದು ಎಡವಟ್ಟು ಮಾಡಿದೆ. ಕೇಳಿದ್ದಕ್ಕೆ ಗುರುತಾಗಿ ಅವ್ವನ ಸಹಿ, ಇಲ್ಲದಿದ್ದರೆ ಹೆಬ್ಬೆಟ್ಟು ಹಾಕಿಸಿಕೊಂಡು ಬನ್ನಿ ಅಂದೆ. ಒಬ್ಬ ತಾಯಿ ಶಾಲೆಗೆ ಬಂದು, "ರೇಷನ್ನಿಗೆ ಹೆಬ್ಬೆಟ್ಟು, ಬ್ಯಾಂಕಿಗೆ ಹೆಬ್ಬೆಟ್ಟು, ಈಗ ಮಗನ ಮುಂದೂ ಏನ್ರೀ?" ಅಂದರು. ಅಲ್ಲಿಗೆ ನಿಲ್ಲಿಸಿದೆ. ಈಗ ಕೇಳಿದವರು ಪುಟದಲ್ಲಿ ಒಂದು ರಂಗೋಲಿ ಚುಕ್ಕಿ ಇಟ್ಟು ಕಳಿಸುತ್ತಾರೆ. ಕೆಲವರು ಪೂರ್ತಿ ರಂಗೋಲಿಯನ್ನೇ ಬಿಡಿಸಿ ಕಳಿಸುತ್ತಾರೆ.

ಹಂತ 10: ಗುಳೆಯ ಚೀಲ

ಬೇರೆ ಕಡೆಯ ಮಾರ್ಗದರ್ಶಿಗಳಲ್ಲಿ ಇದು ಇರುವುದಿಲ್ಲ. ಒಣಬೇಸಾಯದ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಮನೆಮಂದಿ ಬೆಂಗಳೂರು, ಮಂಗಳೂರು, ಗೋವಾ ಅಂತ ದುಡಿಯಲು ಗುಳೆ ಹೋಗುತ್ತಾರೆ. ಮಕ್ಕಳೂ ಹೋಗುತ್ತಾರೆ. ನೀರಾವರಿ ಕಡೆ, ಹತ್ತಿ ಬಿಡಿಸುವ ದಿನಗಳಲ್ಲಿ ಹಾಜರಿ ಬೀಳುತ್ತದೆ. ಮಕ್ಕಳನ್ನು ಉಳಿಸಿಕೊಳ್ಳುವ ಪ್ರಯತ್ನ ಬೇರೆ, ಅದನ್ನು ಮಾಡಲೇಬೇಕು. ಆದರೆ ಹೋಗುವ ಮಗುವನ್ನು ಬರಿಗೈಲಿ ಕಳಿಸಬೇಡಿ.

ಒಂದು ಬಟ್ಟೆ ಚೀಲದಲ್ಲಿ ಮೂರು ಪುಸ್ತಕ, ಒಂದು ನೋಟ್‌ಬುಕ್ಕು, ಎರಡು ಪೆನ್ಸಿಲ್ ಹಾಕಿ ಕೊಡಿ. ಓದುವ ಮಟ್ಟದ್ದು ಒಂದು, ಅದಕ್ಕಿಂತ ಸುಲಭದ್ದು ಒಂದು, ಚಿತ್ರದ್ದು ಒಂದು. ನೋಟ್‌ಬುಕ್ಕಿನಲ್ಲಿ 'ನಾನು ಇವತ್ತು ಏನು ನೋಡಿದೆ' ಅಂತ ದಿನಕ್ಕೆ ಒಂದು ಸಾಲು. ವಾಪಸ್ ತರುವ ದಿನಾಂಕ ಬರೆಯಬೇಡಿ. ಕೆಲವು ಚೀಲ ಬರುವುದಿಲ್ಲ. ಬಂದ ಒಂದು ಚೀಲದಲ್ಲಿ ಪುಸ್ತಕದ ಅಂಚಿಗೆಲ್ಲ ಸಿಮೆಂಟು ಮೆತ್ತಿತ್ತು, ನೋಟ್‌ಬುಕ್ಕಿನಲ್ಲಿ ಮೂವತ್ತೊಂದು ಸಾಲಿತ್ತು. ಒಂದು ಸಾಲು: 'ಇವತ್ತು ಲಿಫ್ಟ್ ನೋಡಿದೆ. ಒಳಗ ಹೋಗಲಿಲ್ಲ.'

ಹಂತ 11: ಓದಿನ ಅಭಿಯಾನ

2022ರ ಜನವರಿ 1ರಿಂದ ದೇಶದ ಶಾಲೆಗಳಲ್ಲಿ ನೂರು ದಿನಗಳ ಓದಿನ ಅಭಿಯಾನ ನಡೆಯಿತು. ವಾರಕ್ಕೊಂದು ಚಟುವಟಿಕೆ ಅನ್ನುವ ಅದರ ಲೆಕ್ಕ ಚೆನ್ನಾಗಿದೆ, ನೀವೇ ನಿಮ್ಮ ಶಾಲೆಗೆ ಮಾಡಿಕೊಳ್ಳಬಹುದು. ದಸರಾ ರಜೆ ಮುಗಿದ ಮೇಲೆ ಶುರು ಮಾಡಿ. ನವೆಂಬರ್ 1ಕ್ಕೆ ಊರ ಹಿರಿಯರಿಂದ ಕಥೆ, 14ಕ್ಕೆ ಮಕ್ಕಳೇ ಬರೆದ ಪುಸ್ತಕಗಳ ಪ್ರದರ್ಶನ ಅಂತ ಕೊಂಡಿ ಹಾಕಿ. ಜನವರಿಯಲ್ಲಿ ಗವಿಮಠದ ಜಾತ್ರೆಯ ವಾರ ಏನೂ ಇಟ್ಟುಕೊಳ್ಳಬೇಡಿ, ಯಾರೂ ಇರುವುದಿಲ್ಲ. ರಂಗನಾಥನ್ ನೆನಪಿನ ಗ್ರಂಥಪಾಲಕರ ದಿನ ಆಗಸ್ಟ್ 12. ಅವತ್ತು ಪಾಳಿಯ ಮಕ್ಕಳಿಗೆ ಒಂದು ಬ್ಯಾಡ್ಜು ಕೊಡಿ, ಭಾಷಣ ಬೇಡ.

ಜಾಸ್ತಿ ಪುಸ್ತಕ ಓದಿದವರಿಗೆ ಬಹುಮಾನ ಅಂತ ಮಾತ್ರ ಇಡಬೇಡಿ. ನಾನು ಇಟ್ಟು ಕೆಟ್ಟೆ. ನಾಲ್ಕನೇ ತರಗತಿಯ ಒಬ್ಬ ದಿನಕ್ಕೆ ಐದು ಪುಸ್ತಕ 'ಓದಿದ'. ಹಿಂಬದಿ ಪುಟ ನೋಡಿ ಕಥೆ ಬರೆಯುತ್ತಿದ್ದ. ನಿಧಾನವಾಗಿ ಒಂದೇ ಪುಸ್ತಕ ಓದುತ್ತಿದ್ದ ಹುಡುಗಿ ಪಟ್ಟಿಯಲ್ಲಿ ಕೊನೆಗೆ ಬಂದಳು. ಈಗ ಎಣಿಸುವುದು ಇಡೀ ಶಾಲೆಯ ಲೆಕ್ಕ. ಗೋಡೆಗೆ ಬೇವಿನ ಮರದ ಚಿತ್ರ ಅಂಟಿಸಿದ್ದೇವೆ. ಯಾರೇ ಪುಸ್ತಕ ಮುಗಿಸಿದರೂ ಒಂದು ಎಲೆ, ಹೆಸರಿಲ್ಲದೆ.

ಪ್ರಗತಿ ಅಳೆಯುವ ಬಗ್ಗೆ ಒಂದು ಮಾತು. ಓದು, ಲೆಕ್ಕದ ಬುನಾದಿ ಗಟ್ಟಿ ಮಾಡುವ ಕೇಂದ್ರದ ಯೋಜನೆ ನಿಪುಣ್ ಭಾರತ್ ಗುರಿಯಲ್ಲಿ ಮೂರನೇ ತರಗತಿ ಮುಗಿಯುವಷ್ಟರಲ್ಲಿ ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು ಅಂತಿದೆ. ಕನ್ನಡದಲ್ಲಿ 'ಮರದಮೇಲಿದ್ದವನಿಗೆ' ಅನ್ನುವುದೂ ಒಂದು ಪದವೇ. ಗಡಿಯಾರ ಹಿಡಿಯಿರಿ, ಆದರೆ ಅದಕ್ಕಿಂತ ಮುಂಚೆ ಮಗು ಓದಿದ್ದನ್ನು ತನ್ನ ಮಾತಲ್ಲಿ ಹೇಳುತ್ತದಾ, ನಗುವ ಕಡೆ ನಗುತ್ತದಾ ಅಂತ ನೋಡಿ.

ಹಂತ 12: ಹೊಸ ಪುಸ್ತಕ, ಹಣ, ರಿಪೇರಿ

ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶ ಇದೆ. ಬಂದಾಗ ದಪ್ಪ ಪುಸ್ತಕ ಕೊಳ್ಳಬೇಡಿ. ತೆಳ್ಳನೆಯ ಚಿತ್ರ ಪುಸ್ತಕಗಳೇ ಜಾಸ್ತಿ ಕೈ ಬದಲಾಗುವುದು. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಬುಕ್ಸ್, ತೂಲಿಕಾ ಇವರ ಕನ್ನಡ ಮಕ್ಕಳ ಪುಸ್ತಕಗಳನ್ನು ನೋಡಿ. ಹಣ ಇಲ್ಲವೇ? ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತ, ಮುದ್ರಿಸಿಕೊಳ್ಳಲೂಬಹುದು. ಝೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಲ್ಲಿ ತೆಗೆಸಿ ಮಕ್ಕಳಿಂದಲೇ ಬಣ್ಣ ತುಂಬಿಸಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರವನ್ನೂ ಮರೆಯಬೇಡಿ. 2020ರ ನವೆಂಬರ್‌ನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಒಂದು ದಿನ ಎಲ್ಲರನ್ನೂ ಸಾಲಾಗಿ ಕರೆದುಕೊಂಡು ಹೋಗಿ ಹೆಸರು ಬರೆಸಿ ಬನ್ನಿ.

ಹರಿದ ಪುಸ್ತಕಕ್ಕೆ ತಿಂಗಳಿಗೊಂದು 'ದವಾಖಾನಿ' ದಿನ ಇಡಿ. ನಡುವಿನ ಪಿನ್ನು ಬಿಟ್ಟರೆ ದಪ್ಪ ದಾರದಲ್ಲಿ ಹೊಲಿಯಿರಿ, ತುಕ್ಕು ಹಿಡಿಯುವುದಿಲ್ಲ. ಮೈದಾ ಅಂಟಿಗೆ ಹುಳ ಬರದಿರಲಿ ಅಂತ ಮೈಲುತುತ್ತ ಸೇರಿಸುವ ಹಳೇ ಪದ್ಧತಿ ಇದೆ. ಅದು ವಿಷ, ಮಕ್ಕಳಿರುವ ಕಡೆ ಬೇಡವೇ ಬೇಡ. ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ, ನೆಲಕ್ಕೆ ಇಟ್ಟಿಗೆ ಕೊಟ್ಟು ಇಟ್ಟರೆ ಗೆದ್ದಲು ಹತ್ತುವುದು ಬೇಗ ಕಣ್ಣಿಗೆ ಬೀಳುತ್ತದೆ. ಒಣಗಿದ ಬೇವಿನ ಎಲೆ ನಡುನಡುವೆ ಹಾಕಿ.

ಹಂತ 13: ಏಪ್ರಿಲ್‌ನಲ್ಲಿ

ಪರೀಕ್ಷೆ ಮುಗಿಯುತ್ತಲೇ ಪುಸ್ತಕ ಎಲ್ಲ ವಾಪಸ್ ತರಿಸಿ ಎಣಿಸಿ ಕೀಲಿ ಹಾಕುವುದು ವಾಡಿಕೆ. ಉಲ್ಟಾ ಮಾಡಿ. ಮಾರ್ಚ್ ಕೊನೆಯ ವಾರ ತರಿಸಿ, ಎಣಿಸಿ, ಕಳೆದದ್ದರ ಪಟ್ಟಿ ಎಸ್‌ಡಿಎಂಸಿ ಸಭೆಗೆ ಇಡಿ. ಫಲಿತಾಂಶ ಹೇಳುವ ದಿನ ಪೋಷಕರ ಮುಂದೆಯೇ ಪ್ರತಿ ಮಗುವಿಗೆ ಬೇಸಿಗೆ ರಜೆಗೆ ಅಂತ ಮೂರು ಮೂರು ಪುಸ್ತಕ ಕೊಟ್ಟು ಕಳಿಸಿ. ಓಣಿಗೊಬ್ಬರಂತೆ ದೊಡ್ಡ ಮಕ್ಕಳನ್ನು ಮಾಡಿ. ಓಣಿಯವರು ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳಲಿ. ಮಧ್ಯಾಹ್ನದ ಬಿಸಿಲಲ್ಲಿ ಹೊರಗೆ ಆಡಲು ಆಗದ ನಮ್ಮ ಕಡೆ, ಕಟ್ಟೆಯ ನೆರಳಲ್ಲಿ ಪುಸ್ತಕ ಓಡಾಡುತ್ತವೆ. ನಮ್ಮ ಅಲಮಾರಿ ಆ ಎರಡು ತಿಂಗಳು ಪೂರ್ತಿ ಖಾಲಿ. ಈಗ ಅದರಲ್ಲಿ ಬ್ಯಾಟು ಇಡುತ್ತೇವೆ, ಕೀಲಿ ಹಾಕಿ.